ಒಂದೇ ಶಾಲು, ಶನಿವಾರದ ಕೊನೇ ತಾಸು

ಪರಿಸರ ಉಳಿಸಲು ಹೊರಟ ಮಂದಿಯ ನಡುವೆ ಇದ್ದರೆ ವರ್ಷಪೂರ್ತಿ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ. ಪರಿಸರ ಎಷ್ಟು ಉಳಿಯಿತು ಎಂದು ನನ್ನನ್ನು ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುವುದಕ್ಕಂತೂ ಬೇಕಾದಷ್ಟು ಉಳಿದಿದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಒಂದು ಹೈಸ್ಕೂಲಿನ ವಿಜ್ಞಾನದ ಟೀಚರು. ವಿದ್ಯಾಗಿರಿ ಎಂದರೆ ಕಾಲೇಜುಗಳ ಜಾಗ, ಓದಿದವರ ಜಾಗ. ಹಾಗಾಗಿ ಇಲ್ಲಿ ಬುದ್ಧಿವಾದಕ್ಕೆ ಕೊರತೆಯಿಲ್ಲ, ಕೇಳುವವರು ಮಾತ್ರ ಸಿಗುವುದಿಲ್ಲ. ಶಾಲೆಯ ಪರಿಸರ ತಂಡದ ಉಸ್ತುವಾರಿ ನನ್ನ ತಲೆಗೆ ಬಂದದ್ದು ನನಗೆ ಗಿಡಮರಗಳ ಮೇಲೆ ವಿಶೇಷ ಪ್ರೀತಿ ಇದೆ ಎಂದಲ್ಲ. ಕೆಲಸ ಹಂಚುವ ಸಭೆ ನಡೆದ ದಿನ ನಾನು ರಜೆಯಲ್ಲಿದ್ದೆ.

೧. ತರಬೇತಿಯ ಚೀಲ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ ನಮ್ಮ ಹೆಡ್ ಮಾಸ್ತರರು ಒಂದು ತರಬೇತಿಗೆ ಹೋಗಿ ಬಂದರು. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ತರಬೇತಿ. ಅದು ನಡೆದ ಹೋಟೆಲಿನ ಏಸಿ ಎಷ್ಟು ಜೋರಾಗಿತ್ತೆಂದರೆ, ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಇವರು ನೆಗಡಿ ಹಚ್ಚಿಕೊಂಡು ಬಂದರು. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ತಂದರು. ಚೀಲದಲ್ಲಿ ಪ್ಲಾಸ್ಟಿಕ್ ಫೈಲು, ಪ್ಲಾಸ್ಟಿಕ್ ಬಾಟಲಿ, ಪ್ಲಾಸ್ಟಿಕ್ ಬ್ಯಾಡ್ಜು.

ಮರುದಿನ ನನ್ನನ್ನೂ ಒಂಬತ್ತನೇ ಇಯತ್ತೆಯ ಪರಿಸರ ತಂಡವನ್ನೂ ಕರೆದು, ಮೂಗೊರೆಸಿಕೊಳ್ಳುತ್ತ ವಿವರಿಸಿದರು. ಒಂದು ಮನೆ, ಒಂದು ಓಣಿ ಎಷ್ಟು ನೀರು, ಎಷ್ಟು ಕಟ್ಟಿಗೆ, ಎಷ್ಟು ಪೆಟ್ರೋಲು, ಎಷ್ಟು ಸಾಮಾನು ಖರ್ಚು ಮಾಡಿ ಭೂಮಿಯ ಮೇಲೆ ಭಾರ ಹಾಕುತ್ತದೆಯೋ ಅದಕ್ಕೆ ಪರಿಸರದ ಹೆಜ್ಜೆಗುರುತು ಎನ್ನುತ್ತಾರಂತೆ. ನಮ್ಮ ಶಾಲೆಯ ಓಣಿಯ ಹೆಜ್ಜೆಗುರುತನ್ನು ಈ ಮಕ್ಕಳು ಕಡಿಮೆ ಮಾಡಬೇಕು.

"ವರ್ಷದ ಸ್ನೇಹ ಸಮ್ಮೇಳನ ಬರೋದ್ರೊಳಗ ಒಂದರೇ ವಸ್ತು ಕಡಿಮಿ ಆಗಿದ್ದು ಕಣ್ಣಿಗೆ ಕಾಣಬೇಕು" ಎಂದರು. "ಇಲ್ಲಂದ್ರ ಶನಿವಾರದ ಕೊನೇ ತಾಸು ಪರಿಸರಕ್ಕ ಕೊಡಂಗಿಲ್ಲ. ಗಣಿತಕ್ಕ ಕೊಡತೇನಿ."

ಬಾಗಿಲ ಹೊರಗೆ ಗಣಿತದ ಸರ್ ನಿಂತಿದ್ದರು, ಕೈಯಲ್ಲಿ ಆಗಲೇ ಸೀಮೆಸುಣ್ಣ ಇತ್ತು. ವಾರದಲ್ಲಿ ತಾವು ಇಲ್ಲದ ಒಂದು ತಾಸು ಈ ಮಕ್ಕಳ ಬದುಕಿನಲ್ಲಿದೆ ಎನ್ನುವುದು ಅವರಿಗೆ ವರ್ಷಗಳಿಂದ ಚುಚ್ಚುತ್ತಿತ್ತು. ತಂಡದ ನಾಯಕಿ ಎರಡು ಜಡೆಯ ಸಣ್ಣ ಹುಡುಗಿ, ಎಲ್ಲದಕ್ಕೂ ಒಂದು ಪ್ರಶ್ನೆ ಜಾಸ್ತಿ ಕೇಳುವವಳು. ಹೊರಗೆ ಬಂದವಳೇ ನನ್ನ ಸೆರಗು ಹಿಡಿದಳು.

"ಟೀಚರ್, ಏನಾರ ಮಾಡ್ರಿ. ವಾರದಾಗ ಅದೊಂದ ತಾಸು ನಾವು ಉಸರಾಡತೇವ್ರಿ."

ಹೆಡ್ ಮಾಸ್ತರರು ತಮ್ಮ ಪಾಲಿನ ಕೆಲಸ ಕೂಡಲೇ ಶುರು ಮಾಡಿದರು. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಗೇಟಿನ ಉದ್ದಕ್ಕೂ ಒಂದು ಫ್ಲೆಕ್ಸ್ ಬ್ಯಾನರ್ ಹಾಕಿಸಿದರು. ಫ್ಲೆಕ್ಸ್ ಯಾವುದರಿಂದ ಮಾಡುತ್ತಾರೆ ಎಂದು ನಾಯಕಿ ಕೇಳಿದಾಗ ಅವರಿಗೆ ಫೋನು ಬಂತು. ಸಂಸ್ಥೆಯ ಅಧ್ಯಕ್ಷರ ಫೋಟೋ ಸಣ್ಣದಾಯಿತೆಂದು ಅದನ್ನು ಬಿಚ್ಚಿ ಇನ್ನೊಂದು ಹಾಕಿಸಿದರು. ಅದನ್ನು ಕಟ್ಟುವ ಹೊತ್ತಿಗೆ ಶಿರೂರಿನಿಂದ ಮಗನನ್ನು ಬಿಡಲು ಬಂದ ರೈತರೊಬ್ಬರು ನಿಂತು, ಬ್ಯಾನರಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಸರ, ಇದನ್ನ ಯಾವಾಗ ಬಿಚ್ಚತೀರಿ?"

"ಯಾಕ್ರಿ?"

"ದನಾ ತಿನ್ನೂ ಕಣಕಿ ಬಣವಿಗೆ ಹೊಚ್ಚಾಕ ಬೇಕಾಗಿತ್ರಿ. ಹ್ವಾದ ವರ್ಷ ನಿಮ್ಮ ಸಾಲಿದ ಒಂದು ಒಯ್ದಿದ್ದೆ, ಮಳಿಗೆ ಜಗ್ಗಲಿಲ್ರಿ. ಆದ್ರ ಅದರಾಗ ಭಾಳ ಮಂದಿ ದೊಡ್ಡವರ ಫೋಟೋ ಇದ್ದೂವು. ಇದರಾಗ ಒಬ್ಬರದ ಐತಿ. ಇದು ಮಳಿ ತಡೀತೈತೋ ಇಲ್ಲೋ!"

ಫೋಟೋ ಕಡಿಮೆಯಾಯಿತು ಎಂಬ ಮಾತು ಹೆಡ್ ಮಾಸ್ತರರ ಮನಸ್ಸಿಗೆ ನಾಟಿತು. ಕಮಿಟಿಯ ಎಲ್ಲರ ಫೋಟೋ ಹಾಕಿಸಿ ಮೂರನೇ ಬ್ಯಾನರ್ ತರಿಸಿದರು. ಮೊದಲಿನ ಎರಡು ಈಗ ಶಿರೂರಿನ ಬಣವಿಗಳ ಮೇಲಿವೆ. ಅಲ್ಲಿಯ ಎತ್ತುಗಳು ಪ್ಲಾಸ್ಟಿಕ್ ತ್ಯಜಿಸಿವೆ ಎಂದು ಕೇಳಿದ್ದೇನೆ.

೨. ಬೇಡಾದ ವಸ್ತುಗಳ ಪೆಟ್ಟಿಗೆ

ಮಕ್ಕಳು ತಮ್ಮದೇ ಒಂದು ಉಪಾಯ ಮಾಡಿದರು. ಹಣ್ಣಿನ ಅಂಗಡಿಯಿಂದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಬೇಡಿ ತಂದು ಓಣಿಯ ಬೇವಿನ ಗಿಡದ ಕೆಳಗೆ ಇಟ್ಟರು. ಮೇಲೆ ಒಂದು ಫಲಕ: ‘ನಿಮಗೆ ಬೇಡಾದದ್ದು ಇಲ್ಲಿ ಹಾಕಿ. ಬೇಕಾದವರು ಒಯ್ಯಿರಿ.’ ಕಸವೂ ಕಡಿಮೆ, ಹೊಸದನ್ನು ಕೊಳ್ಳುವುದೂ ಕಡಿಮೆ. ಕೇಳಿದಾಗ ನನಗೂ ಚಲೋ ಅನಿಸಿತು.

ಮೊದಲ ದಿನ ಮುಚ್ಚಳ ಇಲ್ಲದ ಡಬ್ಬಿ, ಒಂಟಿ ಚಪ್ಪಲಿ, ಹಳೇ ಪುಸ್ತಕ, ಮುಳ್ಳಿಲ್ಲದ ಗೋಡೆ ಗಡಿಯಾರ ಬಂದು ಬಿದ್ದವು. ಸಂಜೆಗೆ ಪೆಟ್ಟಿಗೆ ಖಾಲಿ! ಮಕ್ಕಳು ಕುಣಿದಾಡಿದರು. ಮರುದಿನವೂ ತುಂಬಿತು, ಮರುದಿನವೂ ಖಾಲಿಯಾಯಿತು. ನಮ್ಮ ಓಣಿಯವರು ಇಷ್ಟು ಸುಧಾರಿಸಿದ್ದಾರಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಎದೆ ಉಬ್ಬಿಸಿ ಹೇಳಿಕೊಂಡೆ. ವಾರದ ಕೊನೆಗೆ ನೋಡಿದರೆ ಪೆಟ್ಟಿಗೆಯೇ ಇಲ್ಲ.

ಪತ್ತೆ ಹಚ್ಚಲು ದೂರ ಹೋಗಬೇಕಾಗಲಿಲ್ಲ. ಬೇವಿನ ಗಿಡದ ಎದುರಿಗೇ ಓಣಿಯ ಹಿರಿಯಜ್ಜಿಯ ಮನೆ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ. ಆಯಿಯ ಮನೆಗೆ ಹೋದ ವಸ್ತು ಹೊರಗೆ ಬಂದ ದಾಖಲೆಯಿಲ್ಲ. ಪಡಸಾಲೆಯಲ್ಲಿ ಓಣಿಯ ಎಲ್ಲರ ಬೇಡಾದ ವಸ್ತುಗಳೂ ಸಾಲಾಗಿ ಕೂತಿದ್ದವು. ಪೆಟ್ಟಿಗೆಯೊಳಗೆ ಉಳ್ಳಾಗಡ್ಡಿ ತುಂಬಿತ್ತು.

"ಆಯೀ, ಇದನ್ನೆಲ್ಲಾ ನೀವ ತಂದೀರೇನ್ರಿ?" ನಾಯಕಿ ಕೇಳಿದಳು.

"ನೀವ ಬರದೀರೆಲ್ಲವಾ, ಬೇಕಾದವ್ರು ಒಯ್ಯಿರಿ ಅಂತ. ನಂಗ ಬೇಕಾತು."

"ಮುಳ್ಳಿಲ್ಲದ ಗಡಿಯಾರನೂ ಬೇಕೇನ್ರಿ?"

"ಮುಳ್ಳು ಎಲ್ಲೆರೆ ಸಿಗತಾವ ತಗೋ."

"ಒಂಟಿ ಚಪ್ಪಲಿ?"

"ಇನ್ನೊಂದು ಹಾಕಾಕ ಬರತಾರಲ್ಲ, ಅವತ್ತ ಜೋಡಿ ಆಗತೈತಿ."

"ಪೆಟ್ಟಿಗಿನ್ಯಾಕ ತಂದ್ರಿ ಮತ್ತ?"

"ಖಾಲಿ ಇತ್ತು. ಬೇಕಿದ್ರ ಯಾರರೆ ಪೆಟ್ಟಿಗಿ ಖಾಲಿ ಬಿಟ್ಟ ಹೋಗತಾರೇನ?"

ಫಲಕವನ್ನಾದರೂ ಕೊಡಿ ಎಂದರೆ ಅದು ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿತ್ತು. ನಾವು ಸೋತು ಮೆಟ್ಟಿಲಿಳಿಯುತ್ತಿದ್ದಾಗ ಆಯಿ ಹಿಂದಿನಿಂದ ಕೂಗಿದಳು:

"ಯವ್ವಾ, ಆ ಪೆಟ್ಟಿಗಿ ಮತ್ತ ಯಾವತ್ತ ಇಡತೀರಿ?"

೩. ಹಳೇ ನೀರು

ನಮ್ಮ ಕಡೆ ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿ ಹಬ್ಬ. ಹಬ್ಬದ ಮೊದಲನೇ ವಿಧಿ ಏನೆಂದರೆ, ಹಿಂದಿನ ಸಲ ಬಂದು ಕೊಡ, ಹಂಡೆ, ಬ್ಯಾರಲ್ಲುಗಳಲ್ಲಿ ಉಳಿದ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ತುಂಬುವುದು. ನಿನ್ನೆಯವರೆಗೆ ಒಂದು ತಂಬಿಗೆ ನೀರಿಗೆ ಪಕ್ಕದ ಮನೆಯವರೊಡನೆ ಮಾತು ಬಿಟ್ಟವರು, ಇವತ್ತು ಅದೇ ನೀರನ್ನು ಓಣಿಗೆ ಸುರಿಯುತ್ತಾರೆ. ಯಾಕೆಂದರೆ ಅದು ಹಳೇ ನೀರು.

ಮಕ್ಕಳು ಇದನ್ನು ನಿಲ್ಲಿಸಬೇಕೆಂದು ಹೊರಟರು. ಮೊದಲು ನಿವೃತ್ತ ಇಂಜಿನಿಯರ್ ಸಾಹೇಬರ ಮನೆಗೆ ಹೋಗೋಣ ಎಂದು ಸಲಹೆ ಕೊಟ್ಟವಳು ನಾನೇ. ಜೀವನಪೂರ್ತಿ ಕಾಲುವೆ ಕಟ್ಟಿಸಿದವರು, ವಿಜ್ಞಾನ ತಿಳಿದವರು, ಒಂದೇ ಮಾತಿಗೆ ಒಪ್ಪಿಕೊಳ್ಳುತ್ತಾರೆ ಎಂದು ನಂಬಿದ್ದೆ. ನಾವು ಹೋದಾಗ ಸಾಹೇಬರು ಲುಂಗಿ ಎತ್ತಿ ಕಟ್ಟಿ, ತುಂಬಿದ ಬ್ಯಾರಲ್ಲನ್ನು ಓಣಿಯ ಕಡೆಗೆ ವಾಲಿಸುತ್ತಿದ್ದರು.

"ಕಾಕಾ, ಯಾಕ ಚೆಲ್ಲಾಕ ಹತ್ತೀರಿ?"

"ಹಳೇ ನೀರವಾ."

"ಕೆಟ್ಟೈತೇನ್ರಿ?"

"ಕೆಟ್ಟಿಲ್ಲ. ಹಳೇದಾಗೇತಿ."

"ಈಗ ಬರಾಕ ಹತ್ತಿದ್ದ ಹೊಸಾ ನೀರು ಎಲ್ಲಿದ್ರಿ ಕಾಕಾ?"

"ಹಿನ್ನೀರಿಂದು. ಹೊಳಿಗೆ ಅಡ್ಡ ಡ್ಯಾಂ ಐತಲ್ಲ, ಅದರ ಹಿಂದ ನಿಂತದ್ದು." ಸಾಹೇಬರು ಬ್ಯಾರಲ್ ಬಿಟ್ಟು ಪಾಠ ಹೇಳುವ ಹುರುಪಿಗೆ ಬಂದರು.

"ಅಲ್ಲಿ ಯಾವಾಗಿಂದ ನಿಂತೈತ್ರಿ?"

"ಮಳಿಗಾಲದಿಂದ."

"ಹಂಗಾದ್ರ ನೀವು ಚೆಲ್ಲಿದ್ದು ಬರೇ ಒಂದ ವಾರದ ಹಿಂದಿನ ನೀರ್ರಿ, ತುಂಬಕೊಳ್ಳಾಕ ಹತ್ತಿದ್ದು ತಿಂಗಳಗಟ್ಲೆ ಹಳೇದು!"

ಸಾಹೇಬರು ಲುಂಗಿ ಇಳಿಬಿಟ್ಟು ಆಕಾಶ ನೋಡಿದರು. ವಿಜ್ಞಾನ ಗೆದ್ದಿತು ಎಂದು ನಾನು ನಾಯಕಿಯ ಬೆನ್ನು ತಟ್ಟಿದೆ.

"ಖರೇನ ಐತಲ್ಲವಾ ನೀ ಹೇಳೂದು!" ಎಂದವರೇ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಏ, ಕೇಳಿದೇನು? ಆ ಹಂಡೆದಾಗ ಈಗ ತುಂಬಿದ್ದೂ ಹಳೇದ ಅಂತ. ಅದನ್ನೂ ಚೆಲ್ಲು!"

೪. ಸೀರಿಯಸ್ ಪೇಷಂಟು

ಎರಡೂ ಕಡೆ ಸೋತ ಮೇಲೆ ಮಕ್ಕಳು ಗಾಡಿಗಳಿಗೆ ಕೈ ಹಾಕಿದರು. ಒಂದು ದಿನ ಯಾರೂ ವಾಹನ ಹತ್ತದೆ ಶಾಲೆಯಿಂದ ನಡೆದು ಹೋಗಿ, ಓಣಿಯಾಚೆಯ ಖಾಲಿ ಜಾಗದಲ್ಲಿ ಒಂದು ಬೇವಿನ ಸಸಿ ನೆಡುವುದು ಎಂದು ಗೊತ್ತಾಯಿತು. ಸಸಿಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಬರುತ್ತೇನೆ ಎಂದಳು ನಾಯಕಿ.

"ಕೈಯಾಗ?" ಹೆಡ್ ಮಾಸ್ತರರಿಗೆ ಆಘಾತವಾಯಿತು. "ಮೆರವಣಿಗಿ ಅಂದ ಮ್ಯಾಲ ಒಂದು ಪದ್ಧತಿ ಐತಿಲ್ಲೋ?"

ಪದ್ಧತಿ ಇದೆ. ನಮ್ಮಲ್ಲಿ ಯಾರ ಜಯಂತಿಯೇ ಇರಲಿ, ಮೆರವಣಿಗೆಯಲ್ಲಿ ಸಿಂಗರಿಸಿದ ಟ್ರ್ಯಾಕ್ಟರ್ ಇರಬೇಕು, ಅದರ ಮೇಲೆ ಕುರ್ಚಿಯಲ್ಲಿ ಭಾವಚಿತ್ರ ಇರಬೇಕು, ಹಿಂದೆ ಧ್ವನಿವರ್ಧಕ ಇರಬೇಕು. ಭಾವಚಿತ್ರದ ಜಾಗದಲ್ಲಿ ಸಸಿಯನ್ನು ಕೂಡಿಸಿದರು. ಸಸಿಗೆ ಅದಕ್ಕಿಂತ ದಪ್ಪದ ಚೆಂಡು ಹೂವಿನ ಹಾರ ಹಾಕಿದರು. ಧ್ವನಿವರ್ಧಕಕ್ಕೆ ಜನರೇಟರ್ ಬಂತು. ಅದನ್ನು ಇಡಲು ಬೇರೆ ಜಾಗವಿಲ್ಲದೆ ಸಸಿಯ ಪಕ್ಕದಲ್ಲೇ ಇಟ್ಟರು.

ಮಕ್ಕಳು ನಡೆದರು, ಅದನ್ನು ಅಲ್ಲಗಳೆಯುವಂತಿಲ್ಲ. ಅವರಿಗೆ ನೀರು, ಟೋಪಿ, ಉಪ್ಪಿಟ್ಟು ಹಿಡಿದುಕೊಂಡು ಅಪ್ಪಂದಿರು ಬೈಕಿನ ಮೇಲೆ, ಅಮ್ಮಂದಿರು ಸ್ಕೂಟಿಯ ಮೇಲೆ, ಫಸ್ಟ್ ಗೇರಿನಲ್ಲಿ ಹಿಂದೆ ಬಂದರು. ಅಧ್ಯಕ್ಷರು ಕಾರಿನ ಕಿಟಕಿ ಇಳಿಸಿಕೊಂಡು ನಡಿಗೆಯಲ್ಲಿ ಭಾಗವಹಿಸಿದರು. ಸರ್ಕಲ್ಲಿಗೆ ಬರುವಷ್ಟರಲ್ಲಿ ಹಿಂದೆ ರಸ್ತೆಯೆಲ್ಲ ಕಟ್ಟಿತ್ತು. ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಾಕಿದರು.

"ಯಾರ ಮೆರವಣಿಗಿರಿ ಇದು?"

"ಪರಿಸರದ್ದು" ಎಂದರು ಹೆಡ್ ಮಾಸ್ತರರು. "ಹೊಗಿ ಕಡಿಮಿ ಮಾಡಾಕ."

ಪೊಲೀಸರು ಹೊಗೆಯೊಳಗೆ ಕಣ್ಣು ಕಿರಿದು ಮಾಡಿ ಟ್ರ್ಯಾಕ್ಟರ್ ಮೇಲೆ ನೋಡಿದರು. ಜನರೇಟರಿನ ಪಕ್ಕದಲ್ಲಿ ಸಸಿ ಹಾರದ ಭಾರಕ್ಕೆ ಬಾಗಿ, ಎಲೆಗಳನ್ನೆಲ್ಲ ಜೋತು ಬಿಟ್ಟಿತ್ತು.

"ಇದನ್ನ ಎಲ್ಲಿಗೆ ಒಯ್ಯಾಕ ಹತ್ತೀರಿ?"

"ನೆಡಾಕ್ರಿ."

ಆ ಪುಣ್ಯಾತ್ಮರು ಸೀಟಿ ಊದುತ್ತ ಸರ್ಕಲ್ ನಡುವೆ ಓಡಿದರು.

"ಏ, ದಾರಿ ಬಿಡ್ರೋ, ಬಾಜೂಕ ಸರೀರಿ! ಪೇಷಂಟ್ ಸೀರಿಯಸ್ ಐತಿ!"

೫. ಇಳಕಲ್ಲಿನ ಕಲ್ಲು

ಸ್ನೇಹ ಸಮ್ಮೇಳನ ಹತ್ತಿರ ಬಂತು. ಶನಿವಾರದ ತಾಸಿನಲ್ಲಿ ನಾಯಕಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

"ಟೀಚರ್, ನಾವು ಶುರು ಮಾಡೂಕಿಂತ ಮೊದಲ ಓಣಿ ಚಲೋ ಇತ್ರಿ. ಬ್ಯಾನರ್ ಮೂರಾದೂವು, ನೀರು ಡಬಲ್ ಚೆಲ್ಲತಾರ, ಆ ಸಸಿನೂ ಸತ್ತತು. ತಾಸು ಹೋತ ಬಿಡ್ರಿ."

ಮೂವತ್ತು ಚಿಲ್ಲರೆ ಮಕ್ಕಳು ಶಾಲೆಯಲ್ಲಿ ನಗುವ ತಾಸು ಅದೊಂದೇ ಎನ್ನುವುದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಹೆಡ್ ಮಾಸ್ತರರಿಗೆ ಹೊಸ ಯೋಚನೆ ಹೊಳೆಯಿತು. ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆ ಈ ಸಲ ಪ್ಲಾಸ್ಟಿಕ್ಕಿನದಲ್ಲ, ನಿಸರ್ಗದ್ದು! ನಿಸರ್ಗದ್ದೆಂದರೆ ಇಳಕಲ್ಲಿನ ಕೆಂಪು ಗ್ರಾನೈಟು. ಗುಡ್ಡ ಒಡೆದು, ಕೊರೆದು, ಪಾಲಿಶ್ ಮಾಡಿ, ಲಾರಿಯಲ್ಲಿ ತಂದರೆ ಅದು ನಿಸರ್ಗವೇ ಆಗುತ್ತದೆಯೇ ಎಂದು ಕೇಳಬೇಕೆಂದುಕೊಂಡೆ. ಇಳಕಲ್ಲಿಗೆ ಹೋದರೆ ಒಂದು ಸೀರೆಯನ್ನೂ ನೋಡಿ ಬರಬಹುದೆಂದು ಸುಮ್ಮನಾದೆ.

ಕಲ್ಲಿನ ಅಂಗಡಿಯಲ್ಲಿ ಹೆಡ್ ಮಾಸ್ತರರು ಮುಖ್ಯ ಅತಿಥಿಗಳಾದ ನಮ್ಮ ಅಧ್ಯಕ್ಷರ ಹೆಸರು, ಸಮ್ಮೇಳನದ ತಾರೀಖು ಬರೆದ ಚೀಟಿ ಕೊಟ್ಟು, ಮೇಲೆ ‘ಗೌರವ ಸ್ಮರಣೆ’ ಎಂದು ಕೆತ್ತಲು ಹೇಳಿದರು. ಅಂಗಡಿಯ ಮಾಲಕರು ಎರಡೂ ಕೈ ಜೋಡಿಸಿ ಎದ್ದು ನಿಂತರು.

"ಭಾಳ ಕೆಟ್ಟಾತ್ರಿ ಸರ. ವಯಸ್ಸಾಗಿತ್ತೇನ್ರಿ?"

"ಅರವತ್ತು ದಾಟ್ಯಾವ. ಯಾಕ್ರಿ?"

"ಅಲ್ರಿ, ನಾವು ಹೊರದೇಶದ ಸಮಾಧಿಗೂ ಕಲ್ಲು ಕಳಸತೇವಿ. ಎಲ್ಲಾರೂ ಎರಡು ತಾರೀಖು ಕೊಡತಾರ. ನೀವು ಬರೇ ಒಂದ ಕೊಟ್ಟೀರಿ, ಅದೂ ಮುಂದಿನ ತಿಂಗಳದ್ದು. ಡಾಕ್ಟರು ಅಷ್ಟು ಖಡಕ್ಕಾಗಿ ಹೇಳ್ಯಾರೇನ್ರಿ?"

ಹೆಡ್ ಮಾಸ್ತರರು ಚೀಟಿ ಕಸಿದುಕೊಂಡು ಹೊರಬಿದ್ದರು. ಬಸ್ಸು ಹುನಗುಂದ ದಾಟಿದ ಮೇಲೆ ಸಣ್ಣ ದನಿಯಲ್ಲಿ, "ಟೀಚರ್, ಸತ್ಕಾರದ್ದು ಎಲ್ಲಾ ಆ ಹುಡುಗೂರಿಗೇ ಬಿಟ್ಟ ಬಿಡ್ರಿ. ಪರಿಸರಕ್ಕ ಹೊಂದೂವಂಗ ಏನರೆ ಮಾಡಲಿ. ಕಲ್ಲು ಮಾತ್ರ ಬ್ಯಾಡ" ಎಂದರು.

ನನಗೆ ಸೀರೆಯಂತೂ ಸಿಗಲಿಲ್ಲ.

೬. ಒಂದೇ ಶಾಲು

ಸತ್ಕಾರ ಎಂದರೆ ನಮ್ಮಲ್ಲಿ ಶಾಲು. ವೇದಿಕೆ ಹತ್ತಿದವನಿಗೆ ಶಾಲು ಹೊದಿಸದೆ ಇಳಿಸಿದರೆ ಅವನ ಸಂಬಂಧಿಕರೂ ನಮ್ಮೊಡನೆ ಮಾತು ಬಿಡುತ್ತಾರೆ. ಹಾಗಾಗಿ ವೇದಿಕೆ ತುಂಬ ಅತಿಥಿಗಳು, ಅತಿಥಿಗಳಷ್ಟೇ ಶಾಲು. ಯಾರೂ ಅದನ್ನು ಹೊದೆಯುವುದಿಲ್ಲ. ಬಾಗಲಕೋಟೆಯ ಬಿಸಿಲಿನಲ್ಲಿ ಹೊದ್ದರೆ ಗೌರವದ ಜೊತೆಗೆ ಜೀವವೂ ಹೋಗುತ್ತದೆ. ಎಲ್ಲರ ಮನೆಯ ಟ್ರಂಕಿನಲ್ಲೂ ಅವು ಮಲಗಿರುತ್ತವೆ.

ಸಮ್ಮೇಳನದ ಹಿಂದಿನ ದಿನ, ಶಾಲು ಎಲ್ಲಿ ಎಂದು ನಾನು ಕೇಳಿದೆ. ನಾಯಕಿ ಕೈಯಲ್ಲಿದ್ದ ಒಂದು ಗಂಟು ಬಿಚ್ಚಿದಳು. ಜರಿ ಅಂಚಿನ ಕೆಂಪು ಶಾಲು. ಒಂದೇ.

"ಆಯಿ ಕೊಟ್ಟರ್ರಿ. ಅವರ ಮನಿಯವರಿಗೆ ಯಾವಾಗೋ ಹಾಕಿದ್ದಂತ."

ಆಯಿ ಕೊಟ್ಟಳೇ? ನನಗೆ ನಂಬಿಕೆ ಬರಲಿಲ್ಲ.

"ಮುಗಿದ ಮ್ಯಾಲ ಹೊಳ್ಳಿ ಕೊಡಬೇಕಂತ್ರಿ. ಕಾಯಾಕ ಮುಂದಿನ ಸಾಲಿನ್ಯಾಗ ಬಂದು ಕುಂದರತಾರಂತ."

ಮರುದಿನ ಆಯಿ ಎಲ್ಲರಿಗಿಂತ ಮೊದಲು ಬಂದು, ಮುಂದಿನ ಸಾಲಿನ ನಟ್ಟನಡುವೆ ಕೂತಳು. ವೇದಿಕೆಯ ಮೇಲೆ ಭಾಷಣಗಳಾದವು. ಅತಿಥಿಗಳು ಒಬ್ಬರಾದ ಮೇಲೊಬ್ಬರು, ನಾವು ಬಳಕೆ ಕಡಿಮೆ ಮಾಡಬೇಕು, ಒಂದೇ ವಸ್ತುವನ್ನು ಹತ್ತು ಸಲ ಬಳಸಬೇಕು ಎಂದು ಮೈಕು ಗುದ್ದಿ ಹೇಳಿದರು. ನಾಯಕಿ ಪರದೆಯ ಪಕ್ಕದಲ್ಲಿ ನಿಂತು ಪ್ರತಿ ಭಾಷಣಕ್ಕೂ ಜೋರಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಮೈಕಿನ ಮುಂದೆ ಬಂದು, ಪುಸ್ತಕದ ಕನ್ನಡದಲ್ಲಿ ಘೋಷಿಸಿದಳು:

"ಗಣ್ಯರ ಮಾತಿಗೆ ಗೌರವ ಕೊಟ್ಟು, ಈ ವರ್ಷ ಎಲ್ಲರಿಗೂ ಸೇರಿ ಒಂದೇ ಶಾಲು."

ಮೊದಲು ಅಧ್ಯಕ್ಷರು. ಇಬ್ಬರು ಮಕ್ಕಳು ಶಾಲು ಹೊದಿಸಿದರು, ಫೋಟೋದವನು ಫೋಟೋ ಹೊಡೆದ. ನಾಯಕಿ ಮೆಲ್ಲಗೆ ಅಂಚು ಎಳೆದಳು. ಅಧ್ಯಕ್ಷರು ಬಿಡಲಿಲ್ಲ. ನಾಯಕಿಯೂ ಬಿಡಲಿಲ್ಲ. ಅಷ್ಟರಲ್ಲಿ ಸಭೆಯಲ್ಲಿ ದೊಡ್ಡ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಅಧ್ಯಕ್ಷರು ನಮಸ್ಕಾರ ಮಾಡದೆ ಇರುವವರಲ್ಲ. ಕೈ ಮುಗಿದರು, ಶಾಲು ಜಾರಿತು, ಮುಂದಿನವರ ಹೆಗಲಿಗೆ ಹೋಯಿತು. ಈಗಷ್ಟೇ ಒಂದೇ ವಸ್ತುವನ್ನು ಹತ್ತು ಸಲ ಬಳಸಿ ಎಂದು ಗುಡುಗಿದವರು ಏನು ಹೇಳಿಯಾರು? ಆಯಿಯ ಟ್ರಂಕಿನ ಡಾಂಬರ್ ಗುಳಿಗೆಯ ವಾಸನೆಗೆ ಸಾಲಾಗಿ ಸೀನುತ್ತ, ಸಾಲಾಗಿ ಸನ್ಮಾನಿತರಾದರು.

ಆಮೇಲೆ ಆದದ್ದನ್ನು ನಾನೂ ಎಣಿಸಿರಲಿಲ್ಲ. ಪ್ರತಿ ವರ್ಷ ಅತಿಥಿಗಳು ಮುಗಿಯುವ ಮೊದಲೇ ಶಾಲು ಮುಗಿಯುತ್ತಿದ್ದವು. ಈ ಸಲ ಅತಿಥಿಗಳು ಮುಗಿದರು, ಶಾಲು ಮುಗಿಯಲಿಲ್ಲ! ನಾಯಕಿ ಬಿಸಿಯೂಟದ ಅಕ್ಕಂದಿರನ್ನು ಕರೆದಳು. ಗಂಟೆ ಹೊಡೆಯುವ ಸಿಪಾಯಿಯನ್ನು ಕರೆದಳು. ನನ್ನನ್ನೂ ಕರೆದಳು, ನಾನೂ ಸೀನಿದೆ. ಕೊನೆಗೆ ಕರೆದದ್ದು ಗಣಿತದ ಸರ್ ಅವರನ್ನು.

ಅವರು ಹಿಂದಿನ ಸಾಲಿನಲ್ಲಿ ಕೂತು ಕಿರು ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ಇಷ್ಟು ವರ್ಷ ಈ ಸಮ್ಮೇಳನಕ್ಕೆ ಕುರ್ಚಿ ಹಾಕಿಸಿದವರು, ಪ್ರಮಾಣಪತ್ರ ಬರೆದವರು, ಊಟಕ್ಕೆ ಕೊನೆಗೆ ಕೂತವರು ಅವರು. ಅವರ ಹೆಗಲಿಗೆ ಶಾಲು ಬಂದದ್ದು ಅದೇ ಮೊದಲು. ಸೀಮೆಸುಣ್ಣದ ಅಂಗಿಯ ಮೇಲೆ ಕೆಂಪು ಶಾಲು ಬಿದ್ದಾಗ ಅವರ ಕಣ್ಣಲ್ಲಿ ನೀರು ಬಂತು. ಡಾಂಬರ್ ಗುಳಿಗೆಗೆ ಬಂದದ್ದಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಹೆಡ್ ಮಾಸ್ತರರಿಗೆ ಮಾತ್ರ ಅಧ್ಯಕ್ಷರ ಬಿಗಿದ ಮುಖವೇ ಕಾಣುತ್ತಿತ್ತು. ಮೈಕು ಕಸಿದುಕೊಂಡರು.

"ಇದು ಪರಿಸರ ಅಲ್ಲ, ಅಧಿಕಪ್ರಸಂಗ. ಬರೂ ಶನಿವಾರದಿಂದ ಆ ತಾಸು ಗಣಿತಕ್ಕ!"

ಮಕ್ಕಳೆಲ್ಲ ತಲೆ ತಗ್ಗಿಸಿದರು. ಆಗ ಗಣಿತದ ಸರ್ ಶಾಲಿನ ಸಮೇತ ಮೈಕಿಗೆ ಬಂದರು.

"ಸರ, ಆ ತಾಸು ನಂಗ ಬ್ಯಾಡ್ರಿ. ಈ ಹುಡುಗೂರಿಗೆ ನಾ ಇನ್ನೇನ ಲೆಕ್ಕಾ ಕಲಸ್ಲಿ? ಒಂದ ಶಾಲನ್ನ ಇಡೀ ಸಾಲಿ ಮಂದಿಗೆ ಭಾಗಾ ಮಾಡ್ಯಾರ. ಶೇಷ ಸೊನ್ನಿ!"

ಪಾಲಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ಸರ್ ವೇದಿಕೆ ಇಳಿದು, ಶಾಲನ್ನು ಬಿಗಿಯಾಗಿ ಸುತ್ತಿಕೊಂಡು, ಪೇಪರುಗಳನ್ನೂ ಬಿಟ್ಟು ನೇರ ಗೇಟಿನ ಕಡೆಗೆ ನಡೆದರು. ಮುಂದಿನ ಸಾಲಿನಲ್ಲಿ ಕುರ್ಚಿಯೊಂದು ಉರುಳಿತು.

"ಏ ಮಾಸ್ತರಾ! ನಿಂದರೋ!" ಆಯಿ ಕೋಲೆತ್ತಿಕೊಂಡು ಹೊರಟಿದ್ದಳು. "ಸೊನ್ನಿ ಹೆಂಗಾತೋ? ನನ್ನ ಶಾಲು ಶೇಷ ಐತಿ!"

ಸರ್ ತಿರುಗಿ ನೋಡಲಿಲ್ಲ. ಸ್ಕೂಟರ್ ಕಿಕ್ ಹೊಡೆದದ್ದು ಮಾತ್ರ ಕೇಳಿಸಿತು.

ಮುಂದಿನ ವಾರ ಹೆಡ್ ಮಾಸ್ತರರು ಹಟ ಬಿಡದೆ ವೇಳಾಪಟ್ಟಿಯಲ್ಲಿ ಶನಿವಾರದ ಕೊನೇ ತಾಸಿಗೆ ‘ಗಣಿತ’ ಎಂದು ಬರೆಸಿಯೇ ಬಿಟ್ಟರು. ಅದು ಇವತ್ತಿಗೂ ಹಾಗೇ ಇದೆ. ಆದರೆ ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಡುವುದು ಆಯಿಗೆ ಗೊತ್ತು. ಕೊನೇ ತಾಸಿನ ಗಂಟೆ ಹೊಡೆಯುತ್ತಲೇ ಆಕೆ ಕೋಲು ಹಿಡಿದು ಮುಂದಿನ ಗೇಟಿಗೆ ಬಂದು ಕೂರುತ್ತಾಳೆ. ಆಕೆ ಕಂಡದ್ದೇ ಗಣಿತದ ಸರ್ ತರಗತಿಗೂ ಬರದೆ ಹಿಂದಿನ ಗೇಟಿನಿಂದ ಹೋಗಿಬಿಡುತ್ತಾರೆ. ಬೆಳಗಿನ ಚಳಿಗೆ ಅವರು ಮನೆಯ ಅಂಗಳದಲ್ಲಿ ಆ ಶಾಲು ಹೊದ್ದು ಪೇಪರು ಓದುವುದನ್ನು ನೋಡಿದವರಿದ್ದಾರೆ. ತರಗತಿ ಖಾಲಿ ಬಿಡಬಾರದೆಂದು ನಾನು ಹೋಗುತ್ತೇನೆ. ಮಕ್ಕಳು ಮೊದಲಿನಂತೆಯೇ ನಗುತ್ತಾರೆ.

ಮೊನ್ನೆ ನನಗೇ ಆಯಿಯನ್ನು ನೋಡಿ ಪಾಪ ಅನಿಸಿತು. ನಾಯಕಿಯನ್ನು ಕರೆದು, "ಇಷ್ಟ ದಿನಾ ಆತು, ಸರ್ ಮನಿಗೆ ಹೋಗಿ ಆ ಶಾಲು ಇಸಕೊಂಡು ಆಯಿಗೆ ಕೊಟ್ಟ ಬರೂಣೇನು?" ಎಂದೆ.

ಆಕೆ ಗೇಟಿನ ಕಡೆ ನೋಡಿದಳು, ಗಾಬರಿಯಿಂದ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಟೀಚರ್! ಶಾಲು ಹೊಳ್ಳಿ ಬಂದ್ರ ಸರ್ ಹೊಳ್ಳಿ ಬರತಾರ್ರಿ!"